ಪಕ್ಕದ ಸೀಟಿನ ಬ್ರೇಕು

ನಮ್ಮ ಅತ್ತಿಗೆ ಕಾರಿನೊಳಗೆ ಕೂತರೆ ಯಾರಿಗೂ ಬಹುವಚನ ಕೊಡುತ್ತಿರಲಿಲ್ಲ. ಬ್ಯಾಂಕಿನ ಮ್ಯಾನೇಜರು ಬರಲಿ, ಕಾಲೇಜಿನ ಪ್ರಿನ್ಸಿಪಾಲರು ಬರಲಿ, ಬಾಗಿಲು ಹಾಕಿಕೊಂಡ ಮೇಲೆ ಎಲ್ಲರೂ ‘ಲೋ’ ಇಲ್ಲವೇ ‘ಏ’. ಪಾಠ ಮುಗಿಸಿ ಹೊರಗೆ ಕಾಲಿಟ್ಟರೆ ಮತ್ತೆ ‘ಬನ್ನಿ ಸಾರ್, ನಾಳೆ ಸಿಗೋಣ ಸಾರ್’. ಒಬ್ಬ ವಕೀಲರು ಇದಕ್ಕೆ ಆಕ್ಷೇಪ ಎತ್ತಿದಾಗ ಅತ್ತಿಗೆ ಹೇಳಿದ್ದು ಇಷ್ಟೇ: “ಸಾರ್, ‘ದಯವಿಟ್ಟು ಸ್ವಲ್ಪ ಬ್ರೇಕ್ ಹಾಕ್ತೀರಾ’ ಅನ್ನೋಷ್ಟರಲ್ಲಿ ಗೋಡೆ ಬಂದಿರತ್ತೆ. ಮರ್ಯಾದೆ ಬೇಕೋ ಬಂಪರ್ ಬೇಕೋ, ನೀವೇ ಹೇಳಿ.” ವಕೀಲರು ಬಂಪರನ್ನೇ ಆರಿಸಿಕೊಂಡರಂತೆ.

ಅತ್ತಿಗೆಯದು ಒಂದೇ ಕಾರಿನ ಡ್ರೈವಿಂಗ್ ಸ್ಕೂಲು. ಮಾಲೀಕರು, ಮೇಷ್ಟರು, ಕಾರು ತೊಳೆಯುವವರು ಎಲ್ಲಾ ಅವರೇ. ಕೆಂಪು ಬಣ್ಣದ ಆ ಪುಟ್ಟ ಕಾರಿನ ಮೈಮೇಲೆ ನೆಗ್ಗದ ಜಾಗ ಹುಡುಕುವುದು ಕಷ್ಟ. ಹಿಂದಿನ ಗಾಜಿನ ಮೇಲೆ ಅವರೇ ಬರೆಸಿದ ಒಂದು ಸಾಲಿತ್ತು: ‘ಇಂದು ನಾವು, ನಿನ್ನೆ ನೀವು.’ ಅದನ್ನು ಓದಿದ ಮೇಲೆ ಹಿಂದಿನ ಗಾಡಿಯವರು ಹಾರ್ನ್ ಹೊಡೆಯಲು ಸ್ವಲ್ಪ ನಾಚುತ್ತಿದ್ದರು. ಅತ್ತಿಗೆ ಕೂರುವ ಪಕ್ಕದ ಸೀಟಿನ ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು. ಕಲಿಯುವವರು ತಪ್ಪಿದರೆ ಆ ಬ್ರೇಕೇ ದೇವರು. ಊರಲ್ಲಿ ಅವರ ಹೆಸರು ‘ಬ್ರೇಕ್ ಮೇಡಂ’ ಎಂದಾಗಿದ್ದು ಅದರಿಂದಲೇ.

ನಾನು ಅದೇ ಮನೆಯ ಮಹಡಿ ಮೇಲಿರುವ ನಾದಿನಿ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಜನರ ಮೇಲೆ ರೇಗಿ ರೇಗಿ ನಿವೃತ್ತಳಾದವಳು; ಮೆತ್ತಗೆ ಮಾತಾಡುವುದು ನನಗೆ ಒಗ್ಗುವುದಿಲ್ಲ. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಎನ್ನುತ್ತಾರೆ. ನಮ್ಮಲ್ಲೂ ಹಾಗೇ ಆಗುತ್ತಿತ್ತೇನೋ, ಆದರೆ ಇಬ್ಬರಿಗೂ ಬೈಯಲು ಒಬ್ಬನೇ ಸಿಕ್ಕಿದ್ದ: ನಮ್ಮಣ್ಣ.

ಅಣ್ಣನದು ಕನ್ನಡಕದ ಅಂಗಡಿ. ಸಾಸಿವೆ ಕಾಳಿನಂಥ ಸ್ಕ್ರೂಗಳನ್ನು ಉಗುರ ತುದಿಯಲ್ಲಿ ಹಿಡಿದು ಕೂರಿಸುತ್ತಾನೆ, ಊರವರ ಕಣ್ಣಿಗೆಲ್ಲಾ ದಾರಿ ಕಾಣಿಸುತ್ತಾನೆ, ತಾನು ಮಾತ್ರ ರಸ್ತೆ ದಾಟಬೇಕಾದರೆ ಈ ತುದಿಯಿಂದ ಆ ತುದಿಯವರೆಗೂ ಖಾಲಿಯಾಗುವ ತನಕ ನಿಂತಿರುತ್ತಾನೆ. ಚಿಕ್ಕಂದಿನಲ್ಲಿ ಸೈಕಲ್ ಸಮೇತ ಚರಂಡಿಗೆ ಬಿದ್ದಿದ್ದ. ಅಂದೇ ‘ನನಗೆ ಎರಡು ಕಾಲು ಸಾಕು, ಚಕ್ರ ಬೇಡ’ ಎಂದು ಶಪಥ ಮಾಡಿದವನು, ಡ್ರೈವಿಂಗ್ ಕಲಿಸುವವಳನ್ನೇ ಮದುವೆಯಾಗಿಯೂ ಶಪಥ ಮುರಿಯಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎಂದು ಜನ ನಗುತ್ತಿದ್ದರು. ಅತ್ತಿಗೆಯೂ ನಗುತ್ತಿದ್ದರು. “ಅವರು ಕಲಿತ್ರೆ ನನ್ನ ಪಕ್ಕದಲ್ಲಿ ಸುಮ್ನೆ ಕೂರೋರು ಯಾರು?” ಎನ್ನುತ್ತಿದ್ದರು.

ಕಾಯಿಲೆ ಶುರುವಾದದ್ದು ಚಪ್ಪಲಿಯಿಂದ. ಒಂದು ದಿನ ಅತ್ತಿಗೆ ಅಂಗಡಿಯಿಂದ ಮನೆಗೆ ಬಂದಾಗ ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲಲ್ಲಿ ಇರಲಿಲ್ಲ. ಎಲ್ಲಿ ಬಿತ್ತು ಎಂಬುದು ಅವರಿಗೇ ಗೊತ್ತಿರಲಿಲ್ಲ. ಅಣ್ಣ ಬಂದ ದಾರಿಯಲ್ಲೇ ಹೋಗಿ ಹುಡುಕಿ ತಂದು, “ಒಂದು ಕಾಲಿನ ಚಪ್ಪಲಿಯನ್ನ ಕಳ್ಳನೂ ಮುಟ್ಟಲಿಲ್ಲ” ಎಂದು ನಗಿಸಿದ. ಮುಂದಿನ ವಾರ ಮತ್ತೆ ಹಾಗೇ ಆಯಿತು. ಆಮೇಲೆ ಹೊಸ್ತಿಲು ಎಡವುವುದು ಶುರುವಾಯಿತು. ಪ್ರತಿಸಲವೂ ಅತ್ತಿಗೆ ಹೊಸ್ತಿಲಿಗೆ ಬೈಯುತ್ತಿದ್ದರು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ನಾನು ಕಾಲೆಳೆದೆ. “ನನ್ನ ಕಾಲನ್ನ ನೀನ್ಯಾಕೆ ಎಳೀತೀಯೆ? ನಾನೇ ಎಳ್ಕೊಂಡು ಓಡಾಡ್ತಿದ್ದೀನಿ” ಎಂದರು. ಮೂವರೂ ಬಿದ್ದು ಬಿದ್ದು ನಕ್ಕೆವು. ನಿಜಕ್ಕೂ ಎಳೆದುಕೊಂಡೇ ಓಡಾಡುತ್ತಿದ್ದಾರೆ ಎಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಕಾರಿನಲ್ಲಿ. ಕಲಿಯಲು ಬಂದಿದ್ದ ಹೆಂಗಸೊಬ್ಬರು ತಿರುವಿನಲ್ಲಿ ಗಾಬರಿಯಾಗಿ ಬ್ರೇಕಿನ ಬದಲು ಇನ್ನೊಂದನ್ನು ತುಳಿದರು. ಇದು ದಿನಾ ಆಗುವ ಮಾತು. ಅತ್ತಿಗೆಯ ಬಲಗಾಲು ತಾನೇ ತಾನಾಗಿ ತನ್ನ ಬ್ರೇಕನ್ನು ಒತ್ತುತ್ತದೆ. ಅವತ್ತು ಒತ್ತಿತು, ಆದರೆ ಕರೆದ ಮೇಲೆ ಯೋಚಿಸಿ ಎದ್ದು ಬರುವ ಗುಮಾಸ್ತನ ಹಾಗೆ ತಡವಾಗಿ ಒತ್ತಿತು. ಕಾರು ಹೋಗಿ ಕಸದ ಡಬ್ಬವನ್ನು ಮುಟ್ಟಿತು. ಡಬ್ಬ ಉರುಳಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆ ಹೆಂಗಸು “ತಪ್ಪಾಯ್ತು ಮೇಡಂ, ತಪ್ಪಾಯ್ತು” ಎಂದು ಕೈಮುಗಿದರು. ಅತ್ತಿಗೆ ಬೈಯಲಿಲ್ಲ. ಬೈಯದೇ ಇದ್ದದ್ದಕ್ಕೆ ಆಕೆ ಇನ್ನೂ ಹೆದರಿದರಂತೆ. ಮನೆಗೆ ಬಂದು ಕೀಲಿಯನ್ನು ಮೊಳೆಗೆ ನೇತುಹಾಕಿ ಅತ್ತಿಗೆ ಅಣ್ಣನಿಗೆ ಹೇಳಿದರು: “ರೀ, ನಾಳೆ ಡಾಕ್ಟರ್ ಹತ್ರ ಹೋಗೋಣ. ಹೊಸ್ತಿಲಿಂದು ತಪ್ಪಿಲ್ಲ.”

ನರಗಳ ಡಾಕ್ಟರು ಅತ್ತಿಗೆಯ ಹಳೇ ಶಿಷ್ಯ. ರಿವರ್ಸಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದವರು. ಏನೇನೋ ಪರೀಕ್ಷೆಗಳಾದ ಮೇಲೆ ನಮ್ಮ ಮೂವರನ್ನೂ ಕೂರಿಸಿಕೊಂಡು, ಕೈ ಉಜ್ಜಿಕೊಳ್ಳುತ್ತಾ, “ಮೇಡಂ, ನಮ್ಮ ನರಮಂಡಲ ಇದೆಯಲ್ಲಾ...” ಎಂದು ಶುರುಮಾಡಿದರು.

“ಅಡ್ಡದಾರಿ ಬೇಡ. ಮೇನ್ ರೋಡಿಗೆ ಬಾ,” ಎಂದರು ಅತ್ತಿಗೆ. ಕಾರಿನ ಹೊರಗೆ ಶಿಷ್ಯರೊಬ್ಬರಿಗೆ ಅವರು ಏಕವಚನ ಬಳಸಿದ್ದು ನಾನು ಅದೇ ಮೊದಲು ಕೇಳಿದ್ದು.

ಡಾಕ್ಟರು ಮೇನ್ ರೋಡಿಗೆ ಬಂದರು. ಕಾಯಿಲೆಯ ಹೆಸರು ರೈಲಿನಷ್ಟು ಉದ್ದ ಇತ್ತು. ಅದನ್ನು ಇಲ್ಲಿ ಬರೆದು ಅದಕ್ಕೆ ಮರ್ಯಾದೆ ಕೊಡುವ ಇಷ್ಟ ನನಗಿಲ್ಲ. ಮೊದಲು ಬಲಗಾಲು, ಆಮೇಲೆ ಎಡಗಾಲು, ಆಮೇಲೆ ಏನೆಂದು ಈಗಲೇ ಹೇಳಲಾಗದು, ಕೆಲವರಿಗೆ ಬೇಗ, ಕೆಲವರಿಗೆ ಎಷ್ಟೋ ವರ್ಷ.

“ವಾಸಿ ಆಗತ್ತಾ?” ಎಂದು ಕೇಳಿದವನು ಅಣ್ಣ.

“ವಾಸಿ ಆಗಲ್ಲ ಸಾರ್. ನಿಧಾನ ಮಾಡಬಹುದು.”

“ನಿಧಾನ ಮಾಡೋದು ನನ್ನ ಕಸುಬೇ ಅಲ್ವೇನೋ,” ಎಂದರು ಅತ್ತಿಗೆ. ಡಾಕ್ಟರು ನಗಲು ಹೋಗಿ ಕಣ್ಣೊರೆಸಿಕೊಂಡರು. ಅಣ್ಣ ಮಾತ್ರ ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರವನ್ನೇ ನೋಡುತ್ತಾ ಕೂತಿದ್ದ. ಅವತ್ತು ಮನೆಗೆ ಬಾಡಿಗೆ ಕಾರಿನಲ್ಲಿ ಬಂದೆವು. ಅತ್ತಿಗೆಯೇ ಓಡಿಸಿಕೊಂಡು ಹೋಗಿದ್ದ ನಮ್ಮ ಕಾರು ಆಸ್ಪತ್ರೆಯ ಅಂಗಳದಲ್ಲೇ ಉಳಿಯಿತು; ಮರುದಿನ ಎದುರು ಬೀದಿಯ ಡ್ರೈವಿಂಗ್ ಸ್ಕೂಲಿನವರು ತಂದು ನಿಲ್ಲಿಸಿದರು. ಇವರು ಅತ್ತಿಗೆಯ ಎದುರಾಳಿ. ಕಂಡ ಕಂಡಲ್ಲಿ ಹಾರ್ನ್ ಹೊಡೆಯುತ್ತಾರೆಂದು ಅತ್ತಿಗೆ ಅವರಿಗೆ ‘ಪೀಪಿ ಸಾರ್’ ಎಂದು ಹೆಸರಿಟ್ಟಿದ್ದರು. ಆ ಪೀಪಿ ಸಾರ್‌ಗೇ ತಮ್ಮ ಶಿಷ್ಯರನ್ನೆಲ್ಲಾ ಒಪ್ಪಿಸಿಬಿಟ್ಟರು. “ಬ್ರೇಕಿಗೆ ನಂಬಿಕೆ ಇಲ್ಲದ ಕಾಲಿಟ್ಕೊಂಡು ಬೇರೆಯವರ ಮಕ್ಕಳ ಪಕ್ಕ ಕೂರೋಕಾಗಲ್ಲ,” ಎಂದರು. ಅದನ್ನು ಹೇಳುವಾಗ ದನಿ ಗಟ್ಟಿಯಾಗೇ ಇತ್ತು.

ಆಮೇಲಿನ ದಿನಗಳ ಬಗ್ಗೆ ಸುಳ್ಳು ಹೇಳುವುದಿಲ್ಲ. ಚೆನ್ನಾಗಿರಲಿಲ್ಲ. ಅತ್ತಿಗೆ ಅಳಲಿಲ್ಲ, ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು. ಅಡುಗೆಮನೆಯಿಂದ ಬರುವ ಸದ್ದು ಕೇಳಿದರೆ ಯಾರೋ ಒಳಗೆ ಯುದ್ಧ ಮಾಡುತ್ತಿದ್ದಾರೆ ಎನಿಸುತ್ತಿತ್ತು. ಅಣ್ಣ ಅಂಗಡಿಯಲ್ಲಿ ಒಬ್ಬರ ಕನ್ನಡಕವನ್ನು ಇನ್ನೊಬ್ಬರಿಗೆ ಕೊಟ್ಟು ಕಳಿಸಿದ; ಅವರು ಎರಡು ದಿನ ಅದನ್ನೇ ಹಾಕಿಕೊಂಡು ಓಡಾಡಿ, ಲೋಕ ಯಾಕೋ ಮಂಜಾಗಿದೆ ಎಂದು ವಾಪಸು ಬಂದರು. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ಮಡಿಸುತ್ತಾ ಕೂತಿದ್ದಾಗ ಅತ್ತಿಗೆ ಇದ್ದಕ್ಕಿದ್ದಂತೆ, “ಹೆದರಿಕೆ ಆಗ್ತಿದೆ ಕಣೆ,” ಎಂದರು.

ನಾನು ಅವರ ಮಾತನ್ನೇ ಅವರಿಗೆ ಒಪ್ಪಿಸಿದೆ. “ನೀವೇ ಶಿಷ್ಯರಿಗೆಲ್ಲಾ ಹೇಳ್ತಿದ್ರಲ್ಲಾ ಅತ್ತಿಗೆ, ಹೆದರಿಕೆ ಇದ್ದೋರಿಗೆ ಕಲಿಸಬಹುದು, ಇಲ್ಲದೋರಿಗೇ ಕಷ್ಟ ಅಂತ.”

“ಅದು ಬೇರೆಯವರಿಗೆ ಹೇಳೋ ಮಾತು. ಪಕ್ಕದ ಸೀಟಿಂದ ಹೇಳೋದು ಸುಲಭ,” ಎಂದು ಅಣ್ಣನ ಅಂಗಿಯೊಂದನ್ನು ಮೂರು ಸಲ ಬಿಡಿಸಿ ಮಡಿಸಿದರು. ಆಮೇಲೆ ಹೇಳಿದರು: “ಸಾಯೋ ಹೆದರಿಕೆ ಅಲ್ಲ ಕಣೆ. ಒಂದು ದಿನ ಈ ಕಿಟಕಿ ಪಕ್ಕ ಕುರ್ಚಿ ಹಾಕಿ ಕೂರಿಸ್ತೀರಿ. ಬರೋ ಹೋಗೋ ಗಾಡಿ ತೋರಿಸ್ತೀರಿ. ‘ನೋಡಿ ಅತ್ತಿಗೆ, ಎಷ್ಟು ಚೆನ್ನಾಗಿದೆ ಕಾರು’ ಅಂತೀಯ ನೀನು. ಅದು ನನ್ನಿಂದಾಗಲ್ಲ. ಕೊನೇ ತನಕ ನಾನು ರಸ್ತೆ ಮೇಲಿರಬೇಕು.”

ಅಂಗಿಯನ್ನು ಕೆಳಗಿಟ್ಟು, ಯಾವುದೋ ತೀರ್ಪು ಕೊಡುವವರ ಹಾಗೆ ಅಂದರು: “ನಿಮ್ಮಣ್ಣ ಕಲೀಬೇಕು. ಈ ಕಾಲಲ್ಲಿ ಸ್ವಲ್ಪವಾದ್ರೂ ಜೀವ ಇರೋವಾಗ್ಲೇ ಕಲೀಬೇಕು. ಅವರಿಗೆ ನನ್ನ ಬಿಟ್ಟರೆ ಬೇರೆ ಯಾರೂ ಕಲಿಸೋಕಾಗಲ್ಲ.”

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನೇ ಅಂಗಡಿಗೆ ಹೋಗಿ ಹೇಳಿದೆ. ಅಣ್ಣ ಕೈಲಿದ್ದ ಸ್ಕ್ರೂ ಬೀಳಿಸಿದ. ಅದನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋದವನು ಬಹಳ ಹೊತ್ತು ಮೇಲೆ ಬರಲಿಲ್ಲ. “ಸಿಕ್ತಾ?” ಎಂದೆ. “ಇಲ್ಲ,” ಎಂದ ಅಲ್ಲಿಂದಲೇ. ಆಮೇಲೆ, “ಯಾವಾಗಿಂದ ಅಂತೆ?” ಎಂದ.

ಪಾಠ ಶುರುವಾದದ್ದು ಕಾರಿನಲ್ಲಲ್ಲ, ನಡುಮನೆಯಲ್ಲಿ. ಕಾರಿನ ಬಾಗಿಲು ತೆಗೆದರೇ ಅಣ್ಣನ ಅಂಗೈ ಬೆವರುತ್ತಿತ್ತು. ಹಾಗಾಗಿ ಅತ್ತಿಗೆ ಊಟದ ಕುರ್ಚಿಗಳನ್ನು ಮುಂದೆ ಎರಡು ಹಿಂದೆ ಎರಡು ಹಾಕಿ ಕಾರು ಮಾಡಿದರು. ಅಣ್ಣನ ಕೈಗೆ ದೊಡ್ಡ ಪಾತ್ರೆಯ ಮುಚ್ಚಳ ಬಂತು; ಅದು ಸ್ಟೇರಿಂಗು. ಕಾಲಡಿಗೆ ಮೂರು ಹಳೇ ಚಪ್ಪಲಿ: ಕ್ಲಚ್ಚು, ಬ್ರೇಕು, ಆಕ್ಸಿಲರೇಟರು. ಊರುಗೋಲು ಆಗಷ್ಟೇ ಬಂದಿತ್ತು, ಅದು ಗೇರು. ಹಿಂದಿನ ಕುರ್ಚಿಯಲ್ಲಿ ನಾನು, ಪ್ರಯಾಣಿಕಳು.

ಕುರ್ಚಿಯ ಮೇಲೆ ಕೂತ ತಕ್ಷಣ ಅತ್ತಿಗೆಯ ‘ರೀ’ ಹೋಗಿ ‘ಲೋ’ ಬಂತು.

“ಲೋ, ಕನ್ನಡಿ ನೋಡ್ದೇನೋ?”

“ಎಲ್ಲಿದೆ ಕನ್ನಡಿ?”

“ಇದೆ ಅಂದ್ಕೋ. ಹಿಂದೆ ಯಾರು ಕಾಣಿಸ್ತಾರೆ?”

ಅಣ್ಣ ಇಲ್ಲದ ಕನ್ನಡಿಯಲ್ಲಿ ಇಣುಕಿ, “ನನ್ನ ತಂಗಿ. ನಗ್ತಿದಾಳೆ,” ಎಂದ.

“ಇಳಿಸು ಅವಳನ್ನ.”

ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ಇಳಿಸಿ ಕಾರು ಮುಂದೆ ಹೋಯಿತು. ಮನೆಯಲ್ಲಿ ಬಹಳ ದಿನಗಳ ಮೇಲೆ ನಗು ಕೇಳಿಸಿದ್ದು ಅವತ್ತೇ.

ಇದೇ ಹೊತ್ತಿಗೆ ನೋಡಲು ಬರುವವರ ಕಾಟ ಶುರುವಾಗಿತ್ತು. ಕಾಯಿಲೆಯವರ ಮನೆಗೆ ಬರುವವರಲ್ಲಿ ಮೂರಕ್ಕೆ ಎರಡು ಪಾಲು ಜನರಿಗೆ ಇದೇ ಕಾಯಿಲೆ ಬಂದ ಒಬ್ಬ ದೂರದ ಸಂಬಂಧಿ ಇರುತ್ತಾರೆ, ಆ ಸಂಬಂಧಿ ಈಗ ಇರುವುದಿಲ್ಲ. ಉಳಿದವರ ಹತ್ತಿರ ಬೇರು, ಎಣ್ಣೆ, ಪಥ್ಯ. ಎಲ್ಲರೂ ತೊಟ್ಟಿಲ ಕೂಸಿನ ಹತ್ತಿರ ಮಾತಾಡುವ ದನಿಯಲ್ಲಿ, “ಹೇಗಿದ್ದೀರಮ್ಮಾ...” ಎಂದು ಎಳೆಯುವವರೇ. ಕಾಲು ಕೆರೆದು ಜಗಳಕ್ಕೆ ಹೋಗೋಣ ಅನ್ನಿಸತ್ತೆ, ಕಾಲೇ ಒಪ್ತಿಲ್ಲ ಎಂದು ಅತ್ತಿಗೆ ಗೊಣಗುತ್ತಿದ್ದರು. ಜಗಳಕ್ಕಿಂತ ಒಳ್ಳೆಯ ಉಪಾಯ ಅವರಿಗೆ ಆ ಕುರ್ಚಿಗಳಲ್ಲಿ ಸಿಕ್ಕಿತು. ಬಂದವರನ್ನು ಸೀದಾ ಡ್ರೈವರ್ ಕುರ್ಚಿಯಲ್ಲಿ ಕೂರಿಸಿ ಕೈಗೆ ಮುಚ್ಚಳ ಕೊಟ್ಟುಬಿಡುತ್ತಿದ್ದರು.

“ಅಯ್ಯೋ, ನಾನು ನಿಮ್ಮ ಆರೋಗ್ಯ ವಿಚಾರಿಸೋಕೆ...”

“ವಿಚಾರಿಸುವೆಯಂತೆ. ಮೊದಲು ಕ್ಲಚ್ ಒತ್ತು. ಅದಲ್ಲ, ಅದು ಬ್ರೇಕು, ಅದು ನನ್ನ ಹಳೇ ಚಪ್ಪಲಿ. ಎಡಗಡೇದು.”

ಆಮೇಲೆ ಅನುಕಂಪಕ್ಕೆ ಸಮಯವೇ ಸಿಗುತ್ತಿರಲಿಲ್ಲ. ಮೂಲೆಮನೆಯ ಅಜ್ಜಿಯೊಬ್ಬರು, ಅಳಲೆಂದೇ ಸೆರಗಿನ ತುದಿ ಸಿದ್ಧ ಮಾಡಿಕೊಂಡು ಬಂದಿದ್ದವರು, ಮೂರನೇ ಗೇರಿನವರೆಗೆ ಹೋಗಿ ಬೆವರೊರೆಸಿಕೊಂಡು ಎದ್ದರು. ಮರುದಿನ ಮತ್ತೆ ಬಂದು, “ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?” ಎಂದರು. ಹೀಗೆ ಹೆದರುಪುಕ್ಕಲರ ದಂಡೇ ನಮ್ಮ ನಡುಮನೆಗೆ ಬರತೊಡಗಿತು. ಸ್ಟೇರಿಂಗ್ ಕಂಡರೆ ನಡುಗುವವರು, ಒಮ್ಮೆ ಗುದ್ದಿ ಆಮೇಲೆ ಮುಟ್ಟದವರು, ಗಂಡನಿಂದ ಬೈಸಿಕೊಂಡು ಕಲಿಯುವುದನ್ನೇ ನಿಲ್ಲಿಸಿದವರು. ಅತ್ತಿಗೆ ಅವರ ಹೆದರಿಕೆಯನ್ನು ಕುರ್ಚಿಯಲ್ಲೇ ಅರ್ಧ ಕರಗಿಸಿ, ಉಳಿದರ್ಧದ ಜೊತೆ ಪೀಪಿ ಸಾರ್ ಹತ್ತಿರ ಕಳಿಸುತ್ತಿದ್ದರು. ಬ್ರೇಕ್ ಬೇಡದ ಪಾಠ ಅದು. ಕಾಲು ಬೇಡ, ಬಾಯಿ ಸಾಕು. ಬಾಯಿಗೆ ಏನೂ ಆಗಿರಲಿಲ್ಲ ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಅಣ್ಣನಿಗೆ ಮಾತ್ರ ಹೆದರಿಕೆ ಕುರ್ಚಿಯಲ್ಲಿ ಕರಗಿ ಕಾರಿನಲ್ಲಿ ಮತ್ತೆ ಗಟ್ಟಿಯಾಗುತ್ತಿತ್ತು. ಊರಾಚೆ ಆಟದ ಬಯಲಿತ್ತು. ಬೆಳಿಗ್ಗೆ ಹೊತ್ತು ಅಲ್ಲಿ ಹಕ್ಕಿ ಬಿಟ್ಟರೆ ಯಾರೂ ಇರುವುದಿಲ್ಲ. ಪೀಪಿ ಸಾರ್ ಕಾರನ್ನು ಅಲ್ಲಿಗೆ ತಂದುಕೊಟ್ಟು ವ್ಯಾಯಾಮಕ್ಕೆಂದು ಸುತ್ತು ಹೊಡೆಯುತ್ತಿದ್ದರು. ಅತ್ತಿಗೆ ಪಕ್ಕದ ಸೀಟಿನಲ್ಲಿ, ನಾನು ಹಿಂದೆ. ಅಲ್ಲಿ ತೊಂದರೆ ಕೊಟ್ಟದ್ದು ಒಂದೇ ಮಾತು: ‘ಬಿಡು’.

ಕ್ಲಚ್ ನಿಧಾನಕ್ಕೆ ಬಿಡಬೇಕು. ಅಷ್ಟೇ ವಿದ್ಯೆ. ಅಣ್ಣ ಬಿಡುತ್ತಿರಲಿಲ್ಲ. ಹಿಡಿದದ್ದನ್ನು ಬಿಟ್ಟರೆ ಅನಾಹುತ ಎಂದು ನಂಬಿದ ಕಾಲು ಅದು. ಅತ್ತಿಗೆ “ಬಿಡು, ಬಿಡು, ಬಿಡು” ಎಂದಷ್ಟೂ ಇನ್ನೂ ಒತ್ತುತ್ತಿದ್ದ; ತೀರಾ ಬೈಸಿಕೊಂಡ ಮೇಲೆ ಒಂದೇ ಸಲಕ್ಕೆ ಬಿಡುತ್ತಿದ್ದ. ಕಾರು ಕೆಮ್ಮಿ, ಕುಪ್ಪಳಿಸಿ, ಸತ್ತುಹೋಗುತ್ತಿತ್ತು. ಹಿಂದೆ ಕೂತ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಹೀಗೇ ಎಷ್ಟೋ ಬೆಳಗುಗಳು ಹೋದವು. ಆ ಬೆಳಗುಗಳ ಜೊತೆ ಅತ್ತಿಗೆಯ ಕಾಲಿನ ಶಕ್ತಿಯೂ ಹೋಗುತ್ತಿತ್ತು. ಕಾರಿಗೆ ಹತ್ತುವಾಗ ಈಗ ಎರಡೂ ಕೈಯಲ್ಲಿ ಬಲಗಾಲನ್ನು ಎತ್ತಿ ಒಳಗಿಟ್ಟುಕೊಳ್ಳಬೇಕಿತ್ತು. ಎಡಗಾಲಲ್ಲಿ ಬ್ರೇಕ್ ಒತ್ತಿ ನೋಡಿದರು. ಜೀವಮಾನವೆಲ್ಲಾ ಕ್ಲಚ್ಚಿನ ಚಾಕರಿ ಮಾಡಿದ ಕಾಲು, ಬ್ರೇಕಿನ ಅಧಿಕಾರ ಅದಕ್ಕೆ ಒಗ್ಗಲಿಲ್ಲ. ಅಣ್ಣ ಇದನ್ನೆಲ್ಲಾ ನೋಡುತ್ತಿದ್ದ. ನೋಡಿದಷ್ಟೂ ಹೆದರುತ್ತಿದ್ದ, ಹೆದರಿದಷ್ಟೂ ಕ್ಲಚ್ ಒತ್ತುತ್ತಿದ್ದ.

ಒಂದು ಬೆಳಿಗ್ಗೆ ಕಾರು ಲೆಕ್ಕವಿಲ್ಲದಷ್ಟು ಸಲ ಸತ್ತಿತು. ಅತ್ತಿಗೆ ಬೈದು ಬೈದು ಸುಸ್ತಾದರು. ಬೈಗುಳ ಮುಗಿದು ಬರೀ ಉಸಿರು ಉಳಿಯಿತು. ತಲೆಯನ್ನು ಸೀಟಿಗೆ ಆನಿಸಿ, ಕಣ್ಣು ಮುಚ್ಚಿ, ಅವರು ಜೀವನದಲ್ಲಿ ಯಾವ ಶಿಷ್ಯನಿಗೂ ಹೇಳದ ಮಾತು ಹೇಳಿದರು: “ಹೋಗ್ಲಿ ಬಿಡು.”

ಅಂದರೆ, ಸಾಕು, ಇದು ನಮ್ಮ ಹಣೆಯಲ್ಲಿ ಬರೆದಿಲ್ಲ ಎಂದು. ನನಗೆ ಹಾಗೇ ಅರ್ಥವಾಯಿತು.

ಆದರೆ ಅಣ್ಣನ ಕಿವಿಗೆ ಅದು ಎರಡು ಅಪ್ಪಣೆಯಾಗಿ ಕೇಳಿಸಿತು. ಹೋಗಲಿ. ಬಿಡು. ದನಿಯಲ್ಲಿ ಬೈಗುಳವಿಲ್ಲದ್ದರಿಂದ ಕಾಲು ಬಿಗಿಯಲೂ ಇಲ್ಲ. ವಿಧೇಯ ವಿದ್ಯಾರ್ಥಿಯ ಹಾಗೆ ಅವನು ಕ್ಲಚ್ಚನ್ನು ಮೆಲ್ಲಗೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಟ್ಟ. ಕಾರು ಹೋಯಿತು!

ಕೆಮ್ಮಲಿಲ್ಲ, ಕುಪ್ಪಳಿಸಲಿಲ್ಲ. ಬಯಲಿನ ನಡುವೆ ಮದುವಣಗಿತ್ತಿಯಂತೆ ಹೋಯಿತು. ಅತ್ತಿಗೆ ಕಣ್ಣು ಬಿಟ್ಟರು. “ಏ! ಹೋಗ್ತಿದೆ!” ಎಂದು ನಾನು ಕೂಗಿದೆ. ಅಣ್ಣ ಎಷ್ಟು ಖುಷಿಯಾದನೆಂದರೆ, ಎದುರಿಗೆ ಚೆಂಡಾಟದ ಕಂಬ ಇರುವುದು ಅವನ ಕಣ್ಣಿಗೇ ಬೀಳಲಿಲ್ಲ. ಕಂಬ ಹತ್ತಿರ ಬಂತು. ಅತ್ತಿಗೆ ತಮ್ಮ ಬ್ರೇಕ್ ಒತ್ತಲು ಹೋದದ್ದನ್ನು ನಾನು ಕಂಡೆ. ತೊಡೆ ಅಲುಗಿತು. ಪಾದ ಅಲುಗಲಿಲ್ಲ. ಇಟ್ಟಲ್ಲೇ ಇತ್ತು, ಬೇರೆ ಯಾರದೋ ಪಾದದ ಹಾಗೆ.

“ಲೋ, ಬ್ರೇಕ್!”

ಕಾರು ನಿಂತಿತು. ಕಂಬಕ್ಕೂ ಬಂಪರಿಗೂ ನಡುವೆ ಒಂದು ಗೇಣು. ಆಮೇಲೆ ಅತ್ತಿಗೆ ಕೇಳಿದರು, ಕಾರಿನೊಳಗೆ ಕೂತೇ, ಮೆತ್ತಗೆ: “ರೀ, ಬ್ರೇಕ್ ಹಾಕಿದ್ದು ನೀವಾ?”

“ನಾನೇ.”

“ನಾನು ಹಾಕ್ಲಿಲ್ಲ. ಹಾಕೋಕಾಗ್ಲಿಲ್ಲ.”

“ಗೊತ್ತು,” ಎಂದ ಅಣ್ಣ. ಸ್ಟೇರಿಂಗ್ ಬಿಟ್ಟು ಬಗ್ಗಿ, ಅವರ ಬಲಗಾಲನ್ನು ಬ್ರೇಕಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟ. “ಇನ್ಮೇಲೆ ಇದಕ್ಕೆ ರಜ.” ಅಷ್ಟು ಹೇಳಿ ಅತ್ತುಬಿಟ್ಟ. ಅತ್ತಿಗೆಯೂ ಅತ್ತರು, ಡಾಕ್ಟರ ಮುಂದೆಯೂ ಅಳದವರು. ಆ ಅಳುವಿನ ನಡುವೆಯೇ ಅವರಿಗೆ ‘ಹೋಗ್ಲಿ ಬಿಡು’ ನೆನಪಾಗಿ ನಗು ಉಕ್ಕಿತು. “ನಾನು ಕೈ ಬಿಟ್ಟೆ ಅಂದ್ರೆ ಇವರು ಕ್ಲಚ್ ಬಿಟ್ರಲ್ಲೇ!” ಎಂದು ನನ್ನ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡರು. ಪೀಪಿ ಸಾರ್ ಓಡಿಬಂದು ಕಿಟಕಿಯಲ್ಲಿ ಇಣುಕಿ, ಒಳಗೆ ಯಾರು ಅಳುತ್ತಿದ್ದಾರೆ ಯಾರು ನಗುತ್ತಿದ್ದಾರೆ ಎಂದು ತಿಳಿಯದೆ ಸುಮ್ಮನೆ ಹಿಂದಕ್ಕೆ ಹೋದರು.

ಲೈಸೆನ್ಸಿನ ಪರೀಕ್ಷೆಯಲ್ಲಿ ಅಣ್ಣ ಮೊದಲ ಸಲ ಫೇಲಾದ. ಕೂಡುರಸ್ತೆಯಲ್ಲಿ ಎಲ್ಲಾ ಗಾಡಿಗಳಿಗೂ ‘ನೀವು ಮೊದಲು’ ಎಂದು ಕೈ ತೋರಿಸಿದನಂತೆ. ರಸ್ತೆ ಖಾಲಿಯಾದ ಮೇಲೂ ಹೊರಡಲಿಲ್ಲ. ಇನ್ಸ್‌ಪೆಕ್ಟರು ಯಾಕೆ ಎಂದರೆ, ಬದಿಯಲ್ಲಿ ಮಲಗಿದ್ದ ನಾಯಿಯನ್ನು ತೋರಿಸಿ, “ಅದು ಏಳಬಹುದು ಅನ್ನಿಸ್ತು” ಎಂದನಂತೆ. ಎರಡನೇ ಸಲ ನಾಯಿ ಇರಲಿಲ್ಲ, ಪಾಸಾದ. ಇವರಿಂದ ಯಾರಿಗೂ ಅಪಾಯವಿಲ್ಲ, ಹಿಂದೆ ಬರುವವರ ತಾಳ್ಮೆಗೊಂದು ಬಿಟ್ಟು ಎಂದು ಇನ್ಸ್‌ಪೆಕ್ಟರು ಹೇಳಿದ್ದನ್ನು ಅಣ್ಣ ಹೊಗಳಿಕೆ ಎಂದೇ ತಿಳಿದಿದ್ದಾನೆ.

ಅಂದಿನಿಂದ ಸಂಜೆ ಅಂಗಡಿ ಮುಚ್ಚಿ ಬಂದವನೇ ಅತ್ತಿಗೆಯನ್ನು ಕಾರಿಗೆ ಹತ್ತಿಸುತ್ತಾನೆ. ಎಲ್ಲಿಗೆ ಎಂದು ಕೇಳುವ ಹಾಗಿಲ್ಲ. ನದಿಯ ಸೇತುವೆ, ರೈಲ್ವೆ ಗೇಟು, ಕಲಿತು ಹೋದ ಶಿಷ್ಯರ ಮನೆ. ಸೈಕಲ್ಲಿನವರು ಹಿಂದೆ ಹಾಕಿ ಹೋಗುವ ವೇಗ. ಅತ್ತಿಗೆಯ ಬಾಯಿ ಮಾತ್ರ ಟಾಪ್ ಗೇರಿನಲ್ಲಿ: “ಕನ್ನಡಿ ನೋಡೋ. ಇಂಡಿಕೇಟರ್ ಆರಿಸೋ, ಆಗಿನಿಂದ ಕಣ್ಣು ಹೊಡೀತಿದೀಯ, ಯಾರಿಗೋ?” ಹಗಲು ನಡುಮನೆಯಲ್ಲಿ ಹೆದರುವವರ ಪಾಠ, ಸಂಜೆ ರಸ್ತೆ. ನೋವಿನ ದಿನಗಳೂ ಇದ್ದವು, ಯಾರಿಗೂ ಮುಖ ತೋರಿಸದ ದಿನಗಳೂ ಇದ್ದವು. ಆದರೆ ಕಿಟಕಿಯ ಪಕ್ಕ ಕುರ್ಚಿ ಹಾಕುವ ಪ್ರಸಂಗ ಬರಲಿಲ್ಲ.

ಮೊನ್ನೆ ಮತ್ತೆ ಆಸ್ಪತ್ರೆಗೆ ಹೋಗಿದ್ದೆವು. ಎಡಗಾಲೂ ಸೋಲುತ್ತಿದೆ, ಗಾಲಿಕುರ್ಚಿ ತರಿಸಿಬಿಡಿ ಎಂದರು ಡಾಕ್ಟರು.

“ಅದಕ್ಕೆ ಬ್ರೇಕ್ ಇದೆಯೇನೋ?” ಎಂದರು ಅತ್ತಿಗೆ.

“ಎರಡಿವೆ ಮೇಡಂ. ಕೈಯಲ್ಲೇ ಹಾಕೋದು.”

“ಹಾಗಾದ್ರೆ ಪರವಾಗಿಲ್ಲ.”

ಹಾಗೆಂದರೂ ಕಾರಿನಲ್ಲಿ ಕೂತ ಮೇಲೆ ಮಾತಿಲ್ಲ. ಊರೊಳಗೆ ಬರುವ ತನಕ ಅಣ್ಣನಿಗೆ ಒಂದು ಬೈಗುಳವೂ ಬೀಳಲಿಲ್ಲ. ನನಗೆ ದಿಗಿಲಾಗಿ ಹಿಂದಿನಿಂದ ಬಗ್ಗಿ ನೋಡಿದೆ. ಅತ್ತಿಗೆಯ ತಲೆ ಕಿಟಕಿಗೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ.

ಬೇರೆಯವರು ಓಡಿಸುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡವಳಲ್ಲ. ಬಸ್ಸಿನಲ್ಲಿ ಕೂತರೂ ಡ್ರೈವರ್ ಜೊತೆ ತಾವೂ ಓಡಿಸುವವರು. ಕಾಯಿಲೆ ಬಂದ ಮೇಲೆ ಹಾಸಿಗೆಯಲ್ಲೂ ನಿದ್ದೆ ಇರಲಿಲ್ಲ. ಮಗ್ಗುಲಾದಾಗಲೆಲ್ಲಾ ಕಾಲು ಮುಟ್ಟಿ ನೋಡಿಕೊಳ್ಳುತ್ತಾಳೆ ಎಂದು ಅಣ್ಣ ಒಮ್ಮೆ ಹೇಳಿದ್ದ. ಈಗ ಮಗುವಿನ ಹಾಗೆ ಮಲಗಿದ್ದರು. ಬಲಗಾಲು ಬ್ರೇಕಿನಿಂದ ದೂರ, ಸಡಿಲವಾಗಿ ಬಿದ್ದಿತ್ತು.

ಮನೆ ಬಂತು. ಅಣ್ಣ ನಿಲ್ಲಿಸಲಿಲ್ಲ.

“ಅಣ್ಣಾ, ಮನೆ ದಾಟಿತು.”

“ಗೊತ್ತು.”

ಬೀದಿಯ ಕೊನೆಗೆ ಹೋಗಿ, ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಮೆತ್ತಗೆ ತಿರುಗಿಸಿದ. ಮತ್ತೆ ಮನೆ ಬಂತು, ಮತ್ತೆ ದಾಟಿತು. ಮೂಲೆಮನೆಯ ಅಜ್ಜಿ ಮೊದಲ ಸುತ್ತಿನಲ್ಲಿ ಕೈ ಬೀಸಿದರು, ಎರಡನೆಯದರಲ್ಲಿ ಸುಮ್ಮನೆ ನೋಡಿದರು, ಮೂರನೆಯದರಲ್ಲಿ ಇವನಿಗೆ ನಿಲ್ಲಿಸುವುದು ಮರೆತುಹೋಗಿದೆ ಎಂದು ತಿಳಿದು ಸೊಸೆಯನ್ನು ಕೂಗಿ ಕರೆದರು. ಅಣ್ಣನ ಎರಡೂ ಕೈ ಸ್ಟೇರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಗುಂಡಿ ಕಂಡಲ್ಲೆಲ್ಲಾ ನಡುಗದ ಹಾಗೆ ಇಳಿಸಿ ಹತ್ತಿಸುತ್ತಿದ್ದ.

ನನ್ನ ಕಣ್ಣು ತುಂಬಿ ಬಂದಿತ್ತು. ಅದರ ಜೊತೆಗೆ ಆಸ್ಪತ್ರೆಯಲ್ಲಿ ಕುಡಿದ ಎರಡು ಲೋಟ ಚಹಾ ಬೇರೆ ತನ್ನ ಕೆಲಸ ಶುರುಮಾಡಿತ್ತು.

“ಅಣ್ಣಾ,” ಎಂದೆ ಪಿಸುಮಾತಿನಲ್ಲಿ, “ನಾನು ಅರ್ಜೆಂಟಾಗಿ ಇಳೀಬೇಕು ಕಣೋ.”

“ತಡ್ಕೋ. ನಿಲ್ಲಿಸಿದ್ರೆ ಅವಳಿಗೆ ಎಚ್ಚರ ಆಗತ್ತೆ,” ಎಂದ.

ನಾನು ತಡೆದುಕೊಂಡೆ.